ಫ್ಯಾನ್ ಸದ್ದು ಇಳಿಸಲು ಆರು ಗುಂಡಿಯ ಕಂಟ್ರೋಲರ್ ಬೇಕೆ?

ಪ್ರಶ್ನೆ: ನಾನು ರಾಯಚೂರಿನಲ್ಲಿದ್ದೇನೆ. ಪಿಯುಸಿ ಮಕ್ಕಳಿಗೆ ಗಣಿತದ ವಿಡಿಯೋ ಪಾಠ ಮಾಡುತ್ತೇನೆ. ರೆಕಾರ್ಡಿಂಗ್, ಎಡಿಟಿಂಗ್ ಎರಡೂ ಮನೆಯಲ್ಲೇ. ಇಂಟೆಲ್ ಐ5-12400 ಪ್ರೊಸೆಸರ್ ಇರುವ ಡೆಸ್ಕ್‌ಟಾಪ್, ಜೊತೆಗೊಂದು ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡ್. ಕ್ಯಾಬಿನೆಟ್‌ನಲ್ಲಿ ಐದು ಫ್ಯಾನ್: ಮುಂದೆ ಮೂರು, ಮೇಲೊಂದು, ಹಿಂದೊಂದು. ಮುಂದಿನವು ಮೂರು ಪಿನ್ನಿನವು, ಆಮೇಲೆ ಕೊಂಡ ಎರಡು ನಾಲ್ಕು ಪಿನ್ನಿನವು. ಮದರ್‌ಬೋರ್ಡಿನಲ್ಲಿ ಸಿಪಿಯು (ಅದೇ ಪ್ರೊಸೆಸರ್) ಫ್ಯಾನಿನದು ಬಿಟ್ಟರೆ ಎರಡೇ ಹೆಡರ್, ಅಂದರೆ ಫ್ಯಾನ್ ಸಿಕ್ಕಿಸುವ ಪಿನ್ನುಗಳ ಜಾಗ. ಹಾಗಾಗಿ ಮುಂದಿನ ಮೂರನ್ನು ಅಂಗಡಿಯವರು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ವೈರಿಗೆ ನೇರ ಕೊಟ್ಟಿದ್ದಾರೆ. ದಿನವಿಡೀ ಫುಲ್ ಸ್ಪೀಡ್, ಮೈಕಿನಲ್ಲಿ ಅದೇ ಗುಂಯ್ ಸದ್ದು. ಕ್ಯಾಬಿನೆಟ್ ಮುಂಭಾಗಕ್ಕೆ ಕೂರಿಸುವ ಆರು ಗುಂಡಿಯ ಫ್ಯಾನ್ ಕಂಟ್ರೋಲರ್ ಆನ್‌ಲೈನಿನಲ್ಲಿ ನೋಡಿದ್ದೇನೆ. ಕೊಳ್ಳಲೇ? ಕೊಳ್ಳುವುದಾದರೆ ಏನು ನೋಡಿ ಕೊಳ್ಳಬೇಕು?

ಉತ್ತರ: ಈಗಲೇ ಕೊಳ್ಳಬೇಡಿ. ನೀವು ಬರೆದ ವಿವರ ನೋಡಿದರೆ ನಿಮ್ಮ ಕೆಲಸ ಎರಡು ಕವಲು ವೈರಿನಲ್ಲಿ ಮುಗಿಯುತ್ತದೆ. ಅಂಗಡಿಯಲ್ಲಿ ಅದಕ್ಕೆ ಫ್ಯಾನ್ ಸ್ಪ್ಲಿಟರ್ ಎನ್ನುತ್ತಾರೆ. ಎರಡೂ ಸೇರಿ ಕೆಲವು ನೂರು ರೂಪಾಯಿಯೊಳಗೆ ಬರುತ್ತವೆ. ನಿಮ್ಮ ಮದರ್‌ಬೋರ್ಡಿನಲ್ಲಿ ಆಗಲೇ ಒಂದು ಒಳ್ಳೆಯ ಕಂಟ್ರೋಲರ್ ಇದೆ, ಅದನ್ನು ಯಾರೂ ನಿಮಗೆ ತೋರಿಸಿಕೊಟ್ಟಿಲ್ಲ ಅಷ್ಟೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ಹೇಳುತ್ತೇನೆ, ಯಾಕೆಂದರೆ ಅದು ಗೊತ್ತಿಲ್ಲದೆ ಯಾವ ಕಂಟ್ರೋಲರ್ ಕೊಂಡರೂ ದುಡ್ಡು ದಂಡವಾಗುವ ಸಾಧ್ಯತೆಯೇ ಹೆಚ್ಚು.

ಪಿನ್ನುಗಳಿಂದ ಶುರು ಮಾಡೋಣ. ಮೂರು ಪಿನ್ನಿನ ಫ್ಯಾನಿನಲ್ಲಿ ಒಂದು ಗ್ರೌಂಡ್, ಒಂದು 12 ವೋಲ್ಟ್, ಮೂರನೆಯದು ಟ್ಯಾಕ್ ವೈರು. ಫ್ಯಾನು ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಬೋರ್ಡಿಗೆ ತಿಳಿಸುವುದು ಈ ಟ್ಯಾಕ್ ವೈರಿನ ಕೆಲಸ. ಒಂದು ಸುತ್ತಿಗೆ ಎರಡು ಮಿಡಿತ ಬರುತ್ತವೆ, ಬೋರ್ಡು ಅದನ್ನು ಎಣಿಸಿ ನಿಮಿಷಕ್ಕೆ ಇಷ್ಟು ಸುತ್ತು ಎಂದು ತೋರಿಸುತ್ತದೆ. ಇಂಥ ಫ್ಯಾನಿನ ವೇಗ ಇಳಿಸಬೇಕೆಂದರೆ ಅದಕ್ಕೆ ಹೋಗುವ ವೋಲ್ಟೇಜನ್ನೇ 12ರಿಂದ ಕೆಳಗೆ ತರಬೇಕು, ಬೇರೆ ದಾರಿಯಿಲ್ಲ. ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಮಾಡಿದ ಕೂಡಲೆ ತೆರೆಯಬಹುದಾದ, ಬೋರ್ಡಿನದೇ ಸೆಟ್ಟಿಂಗ್ ಪುಟ) ಇದನ್ನು ಡಿಸಿ ಮೋಡ್ ಎಂದು ಬರೆದಿರುತ್ತಾರೆ.

ನಾಲ್ಕು ಪಿನ್ನಿನ ಫ್ಯಾನಿಗೆ 12 ವೋಲ್ಟ್ ಯಾವಾಗಲೂ ಪೂರ್ತಿ ಹೋಗುತ್ತಿರುತ್ತದೆ. ವೇಗ ಎಷ್ಟಿರಬೇಕು ಎಂಬ ಅಪ್ಪಣೆ ಮಾತ್ರ ನಾಲ್ಕನೆಯ ವೈರಿನಲ್ಲಿ ಬರುತ್ತದೆ. ಇದಕ್ಕೆ ಪಿಡಬ್ಲ್ಯೂಎಂ ಎಂದು ಹೆಸರು. ಆ ವೈರಿನಲ್ಲಿರುವ ಸಿಗ್ನಲ್ ಸೆಕೆಂಡಿಗೆ 25,000 ಸಲ ಆನ್ ಆಫ್ ಆಗುತ್ತದೆ. ಆನ್ ಇರುವ ಪಾಲು ಹೆಚ್ಚಾದಷ್ಟೂ ಫ್ಯಾನಿನ ವೇಗ ಹೆಚ್ಚು. ಇಂಟೆಲ್ ರೂಪಿಸಿದ ನಾಲ್ಕು ತಂತಿಯ ಫ್ಯಾನಿನ ನಿಯಮದಲ್ಲೇ ಈ 25 ಕಿಲೋಹರ್ಟ್ಸ್ ಇದೆ. ಮನುಷ್ಯರ ಕಿವಿಗೆ ಕೇಳುವುದು ಸುಮಾರು 20 ಕಿಲೋಹರ್ಟ್ಸ್‌ವರೆಗೆ, ಹಾಗಾಗಿ ಈ ಆನ್ ಆಫ್ ನಮಗೆ ಸದ್ದಾಗಿ ಕೇಳುವುದಿಲ್ಲ. ನಾಲ್ಕನೆಯ ವೈರಿನಲ್ಲಿ ಯಾವ ಅಪ್ಪಣೆಯೂ ಬಾರದಿದ್ದರೆ ಫ್ಯಾನು ಪೂರ್ತಿ ವೇಗದಲ್ಲಿ ಓಡಬೇಕು ಎಂದೂ ಅದೇ ನಿಯಮ ಹೇಳುತ್ತದೆ. ವೈರು ಸಡಿಲವಾದರೂ ಕಂಪ್ಯೂಟರ್ ಸುಟ್ಟುಹೋಗದಿರಲಿ ಎಂಬ ಈ ಮುಂದಾಲೋಚನೆ ನನಗೆ ತುಂಬ ಇಷ್ಟ.

ನಮ್ಮ ಮನೆಗಳ ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ನೆನಪಿಸಿಕೊಂಡರೆ ಇದೆಲ್ಲ ಸುಲಭ. ಹಿಂದೆ ಗೋಡೆಯ ಮೇಲೆ ದಪ್ಪ ಡಬ್ಬಿಯಂಥ ರೆಗ್ಯುಲೇಟರ್ ಇರುತ್ತಿತ್ತು. ಒಂದರಲ್ಲೋ ಎರಡರಲ್ಲೋ ಇಟ್ಟು ಅರ್ಧ ಗಂಟೆ ಬಿಟ್ಟು ಕೈಯಿಟ್ಟರೆ ಬೆಚ್ಚಗೆ ಸುಡುತ್ತಿತ್ತು. ಫ್ಯಾನಿಗೆ ಕೊಡದೆ ತಡೆದಿಟ್ಟ ವಿದ್ಯುತ್ತು ಒಳಗಿನ ತಂತಿ ಸುರುಳಿಯಲ್ಲಿ ಶಾಖವಾಗುತ್ತಿತ್ತು. ಆರು ಗುಂಡಿಯ ಅಗ್ಗದ ಕಂಟ್ರೋಲರ್‌ಗಳಲ್ಲಿ ಬಹಳಷ್ಟು ಇದೇ ಜಾತಿಯವು. 12 ವೋಲ್ಟನ್ನು 7ಕ್ಕೆ ಇಳಿಸಿದರೆ ಮಿಕ್ಕ 5 ವೋಲ್ಟು ಆ ಪೆಟ್ಟಿಗೆಯಲ್ಲೇ ಶಾಖವಾಗಿ ಕಳೆಯಬೇಕು. ಒಂದು ಫ್ಯಾನಿಗೆ ಒಂದು ವಾಟ್‌ನ ಆಸುಪಾಸು ಅಂತಿಟ್ಟುಕೊಳ್ಳಿ, ಆರು ಫ್ಯಾನಿಗೆ ಆರು ವಾಟ್, ಅದೂ ಬೆರಳುದ್ದದ ಒಂದು ಬೋರ್ಡಿನ ಮೇಲೆ. ಆಮೇಲೆ ಬಂದ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ಗಳಲ್ಲಿ ಕೆಲವು ಕಡಿಮೆ ವೇಗಕ್ಕೆ ತಂದಾಗ ಫ್ಯಾನು ಗೊಂಯ್ ಅನ್ನುವುದನ್ನೂ ಕೇಳಿರುತ್ತೀರಿ. ಅದು ವಿದ್ಯುತ್ತನ್ನು ಕತ್ತರಿಸಿ ಕತ್ತರಿಸಿ ಕೊಡುವುದರ ಸದ್ದು. ಕಂಪ್ಯೂಟರ್ ಫ್ಯಾನ್ ಕಂಟ್ರೋಲರ್‌ಗಳಲ್ಲೂ ಅಂಥವಿವೆ: ನಾಲ್ಕನೆಯ ವೈರಿಗೆ ಸಿಗ್ನಲ್ ಕೊಡುವ ಬದಲು 12 ವೋಲ್ಟಿನ ವೈರನ್ನೇ ಕಡಿಮೆ ವೇಗದಲ್ಲಿ ಆನ್ ಆಫ್ ಮಾಡುತ್ತವೆ, ಹೊರಗೆ ಮಾತ್ರ ಪಿಡಬ್ಲ್ಯೂಎಂ ಎಂದು ಬರೆದಿರುತ್ತಾರೆ. ಅವುಗಳಿಗೆ ಮೂರು ಪಿನ್ನಿನ ಫ್ಯಾನು ಕೊಟ್ಟರೆ ಟಿಕ್ ಟಿಕ್ ಸದ್ದು ಬರುತ್ತದೆ, ಸುತ್ತಿನ ಲೆಕ್ಕವೂ ಏರುಪೇರಾಗುತ್ತದೆ. ನಿಮ್ಮ ಸಮಸ್ಯೆಯೇ ಮೈಕಿಗೆ ಬೀಳುವ ಸದ್ದು, ಅದಕ್ಕೆ ಇನ್ನೊಂದು ಸದ್ದನ್ನು ಕೊಂಡು ತಂದಂತಾಗುತ್ತದೆ. (ಗೋಡೆಯ ರೆಗ್ಯುಲೇಟರನ್ನೇ ಬಳಸಬಹುದೇ ಎಂದು ಕೇಳಿದವರೂ ಇದ್ದಾರೆ. ಖಂಡಿತ ಬೇಡ. ಅದು 230 ವೋಲ್ಟಿನ ಎಸಿಗೆ ಮಾಡಿದ್ದು, ಕಂಪ್ಯೂಟರಿನ ಫ್ಯಾನು 12 ವೋಲ್ಟಿನ ಡಿಸಿ.)

ಇನ್ನು ನಿಮ್ಮ ಯಂತ್ರಕ್ಕೆ ಬರೋಣ. ಮುಂದಿನ ಮೂರು ಫ್ಯಾನುಗಳನ್ನು ಎಸ್‌ಎಂಪಿಎಸ್‌ನಿಂದ ಬಿಡಿಸಿ, ಒಂದಕ್ಕೆ ಮೂರು ಕವಲಿರುವ ಸ್ಪ್ಲಿಟರ್ ಮೂಲಕ ಒಂದು ಹೆಡರ್‌ಗೆ ಕೊಡಿ. ಬಯೋಸ್‌ಗೆ ಹೋಗಿ ಆ ಹೆಡರನ್ನು ಡಿಸಿ ಮೋಡ್‌ಗೆ ತನ್ನಿ. ಮೇಲಿನ ಮತ್ತು ಹಿಂದಿನ ನಾಲ್ಕು ಪಿನ್ನಿನ ಎರಡನ್ನು ಇನ್ನೊಂದು ಸ್ಪ್ಲಿಟರ್ ಮೂಲಕ ಎರಡನೆಯ ಹೆಡರ್‌ಗೆ ಕೊಟ್ಟು ಅದನ್ನು ಪಿಡಬ್ಲ್ಯೂಎಂ ಮೋಡ್‌ನಲ್ಲಿಡಿ. ಆಟೋ ಎಂದಿದ್ದರೆ ನಂಬಬೇಡಿ, ಕೈಯಾರೆ ಆರಿಸಿ. ಮೂರು ಪಿನ್ನಿನ ಫ್ಯಾನು ನಾಲ್ಕು ಪಿನ್ನಿನ ಹೆಡರ್‌ನಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಮೋಡ್ ಪಿಡಬ್ಲ್ಯೂಎಂ ಇದ್ದರೆ ಅದಕ್ಕೆ ಅಪ್ಪಣೆ ಕೇಳಿಸುವ ವೈರೇ ಇಲ್ಲದ್ದರಿಂದ ಪೂರ್ತಿ ವೇಗದಲ್ಲಿ ಓಡುತ್ತದೆ. ಇದೇ ಕಾರಣಕ್ಕೆ ಮೂರು ಪಿನ್ನು, ನಾಲ್ಕು ಪಿನ್ನು ಎರಡನ್ನೂ ಒಂದೇ ಸ್ಪ್ಲಿಟರ್‌ಗೆ ಬೆರೆಸಬಾರದು.

ಇದಕ್ಕೂ ಮೊದಲು ಎರಡು ವಿಷಯ ನೋಡಿಕೊಳ್ಳಬೇಕು. ಒಂದು, ಬೋರ್ಡಿನ ಕೈಪಿಡಿಯಲ್ಲಿ ಆ ಹೆಡರ್ ಡಿಸಿ ಮತ್ತು ಪಿಡಬ್ಲ್ಯೂಎಂ ಎರಡನ್ನೂ ಮಾಡುತ್ತದೆಯೇ ಎಂಬುದು. ಈಗಿನ ಹೆಚ್ಚಿನ ಬೋರ್ಡುಗಳು ಮಾಡುತ್ತವೆ, ಕಡಿಮೆ ಬೆಲೆಯ ಕೆಲವು ಮಾಡುವುದಿಲ್ಲ. ಎರಡು, ಆಂಪ್ ಲೆಕ್ಕ. ಸಾಮಾನ್ಯವಾಗಿ ಒಂದು ಹೆಡರ್ ತಾಳುವುದು 1 ಆಂಪ್, ಅಂದರೆ 12 ವಾಟ್. ಫ್ಯಾನಿನ ನಡುವಿನ ಸ್ಟಿಕರ್ ಓದಿ, 0.15 ಎಂದೋ 0.25 ಎಂದೋ ಬರೆದಿರುತ್ತದೆ. ಮೂರು ಸೇರಿ 0.75 ಆದರೆ ಪರವಾಗಿಲ್ಲ. ನಿಂತ ಫ್ಯಾನು ಶುರುವಾಗುವ ಕ್ಷಣದಲ್ಲಿ ಹೆಚ್ಚು ಕರೆಂಟು ಎಳೆಯುತ್ತದೆ, ಹಾಗಾಗಿ ನಾನು 0.8 ದಾಟಲು ಬಿಡುವುದಿಲ್ಲ. ದಾಟಿದರೆ ಸುಡುವುದು ಬೋರ್ಡಿನ ಹೆಡರ್, ಅದನ್ನು ರಿಪೇರಿ ಮಾಡುವುದು ಸುಲಭವಲ್ಲ.

ಸ್ಪ್ಲಿಟರ್ ಕೈಗೆ ಬಂದಾಗ ಅದರ ತುದಿಗಳನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಕವಲಿನಲ್ಲಿ ಎಲ್ಲ ಪಿನ್ನೂ ಇರುತ್ತವೆ, ಮಿಕ್ಕವುಗಳಲ್ಲಿ ಒಂದು ಪಿನ್ನು ಖಾಲಿ ಇರುತ್ತದೆ. ಅದು ಕೊರತೆಯಲ್ಲ. ಮೂರು ಫ್ಯಾನುಗಳ ಟ್ಯಾಕ್ ಸಿಗ್ನಲ್ ಒಂದೇ ವೈರಿನಲ್ಲಿ ಬೆರೆತರೆ ಬೋರ್ಡಿಗೆ ಲೆಕ್ಕ ತಪ್ಪುತ್ತದೆ, ಅದಕ್ಕೆ ಒಂದರದ್ದನ್ನು ಮಾತ್ರ ಕಳಿಸುತ್ತಾರೆ. ಇದರ ಅರ್ಥ, ಮಿಕ್ಕ ಎರಡರಲ್ಲಿ ಒಂದು ನಿಂತುಹೋದರೆ ಬೋರ್ಡಿಗೆ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಮೂರೂ ತಿರುಗುತ್ತಿವೆಯೇ ಎಂದು ನೀವೇ ನೋಡಬೇಕು.

ನೀವು ಮೂರು ಪಿನ್ನು ಎಂದು ಬರೆದಿದ್ದರೂ ಪ್ಲಗ್ಗನ್ನು ಒಮ್ಮೆ ನೋಡಿ, ಮುಂದಿನ ಫ್ಯಾನುಗಳು ಕ್ಯಾಬಿನೆಟ್ ಜೊತೆಗೇ ಬಂದವಾದರೆ ಇನ್ನೊಂದು ತೊಡಕು ಇರಬಹುದು. ಬಣ್ಣದ ದೀಪದ ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಎರಡೇ ವೈರಿನ, ದೊಡ್ಡ ಮೋಲೆಕ್ಸ್ ಪ್ಲಗ್ಗಿನ (ವಿದ್ಯುತ್ ಪೆಟ್ಟಿಗೆಯ ವೈರಿಗೆ ನೇರ ಸೇರುವಂಥ) ಫ್ಯಾನುಗಳಿರುತ್ತವೆ, ಇಲ್ಲವೇ ಆ ಕಂಪನಿಯದೇ ಆದ ಆರು ಪಿನ್ನಿನ ಪ್ಲಗ್ ಇರುತ್ತದೆ. ಅವು ಬೋರ್ಡಿನ ಹೆಡರ್‌ಗೆ ಸೇರುವುದಿಲ್ಲ. ಅಂಥವಿದ್ದರೆ ಕಂಟ್ರೋಲರ್‌ಗೆ ಹಾಕುವ ದುಡ್ಡನ್ನು ನಾಲ್ಕು ಪಿನ್ನಿನ ಒಳ್ಳೆಯ ಎರಡು ಫ್ಯಾನಿಗೆ ಹಾಕಿ. ದೀಪದ ವೈರನ್ನು ಫ್ಯಾನಿನ ವೈರೆಂದು ತಿಳಿಯುವವರೂ ಇದ್ದಾರೆ. ದೀಪಗಳಲ್ಲಿ 5 ವೋಲ್ಟಿನವು ಬೇರೆ, 12 ವೋಲ್ಟಿನವು ಬೇರೆ. 5ರದ್ದನ್ನು 12ಕ್ಕೆ ಕೊಟ್ಟರೆ ಕ್ಷಣದಲ್ಲಿ ಹೋಗಿಬಿಡುತ್ತವೆ.

ಈಗ ಗುಂಡಿಯ ಪೆಟ್ಟಿಗೆಯನ್ನು ನಾನು ಯಾಕೆ ಬೇಡ ಎನ್ನುತ್ತೇನೆ ಎಂಬುದಕ್ಕೆ ಬರುತ್ತೇನೆ. ಶಾಖ, ಸದ್ದು ಇವೆಲ್ಲ ಇದ್ದದ್ದೇ. ನನಗೆ ಮುಖ್ಯವಾದ ಕಾರಣ ಬೇರೆ.

ಹಲವು ವರ್ಷಗಳ ಹಿಂದೆ ಒಂದು ಫೋಟೋ ಸ್ಟುಡಿಯೋದ ಕಂಪ್ಯೂಟರಿಗೆ ಇಂಥದ್ದೊಂದು ನಾಲ್ಕು ಗುಂಡಿಯ ಕಂಟ್ರೋಲರ್ ಕೂರಿಸಿಕೊಟ್ಟಿದ್ದೆ. ಡಿಸೆಂಬರ್ ತಿಂಗಳು. ಅವರು ಗುಂಡಿಗಳನ್ನು ಕೆಳಗಿಳಿಸಿಕೊಂಡು, ಕೋಣೆ ಎಷ್ಟು ಶಾಂತವಾಯಿತು ಎಂದು ಸಂತೋಷಪಟ್ಟರು. ಏಪ್ರಿಲ್ ಕೊನೆಗೆ ಫೋನ್ ಬಂತು. ಮದುವೆ ಸೀಸನ್ನು, ಆಲ್ಬಂ ಡಿಸೈನ್ ಮಾಡುತ್ತಿರುವಾಗ ಯಂತ್ರ ತಾನಾಗಿ ಆಫ್ ಆಗುತ್ತಿದೆ, ಫೋಟೋ ಫೋಲ್ಡರ್ ತೆರೆಯುತ್ತಿಲ್ಲ. ಹೋಗಿ ಪಕ್ಕದ ಬಾಗಿಲು ತೆಗೆದೆ. ಮುಂದಿನ ಫ್ಯಾನು ತಿರುಗುತ್ತಿರಲಿಲ್ಲ, ನಿಂತೂ ಇರಲಿಲ್ಲ. ರೆಕ್ಕೆ ಒಂದು ಕೂದಲೆಳೆಯಷ್ಟು ಮುಂದೆ ಹೋಗುವುದು, ಹಿಂದೆ ಬರುವುದು, ಹೀಗೆ ನಡುಗುತ್ತಿತ್ತು. ರೆಕ್ಕೆಯ ಅಂಚಿಗೆಲ್ಲ ಬೂದು ಬಣ್ಣದ ಧೂಳಿನ ಪದರ. ಗುಂಡಿ ಡಿಸೆಂಬರಿನಲ್ಲಿ ಎಲ್ಲಿತ್ತೋ ಅಲ್ಲೇ ಇತ್ತು. ಅದರ ಹಿಂದಿದ್ದ ಹಾರ್ಡ್ ಡಿಸ್ಕು ಮುಟ್ಟಲಾರದಷ್ಟು ಕಾದಿತ್ತು. ಹಾರ್ಡ್ ಡಿಸ್ಕುಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಮಿತಿ 60 ಡಿಗ್ರಿ. ಆ ಡಿಸ್ಕಿನಲ್ಲಿ ಎರಡು ಮದುವೆಗಳ ಫೋಟೋಗಳಿದ್ದವು. ಒಂದರದ್ದು ಪೂರ್ತಿ ಸಿಕ್ಕಿತು, ಇನ್ನೊಂದರದ್ದು ಅರ್ಧ ಮಾತ್ರ. ಆ ಮನೆಯವರಿಗೆ ಸ್ಟುಡಿಯೋದವರು ವಿಷಯ ಹೇಳುವಾಗ ನಾನೂ ಅಲ್ಲಿದ್ದೆ.

ಆ ಪೆಟ್ಟಿಗೆ ಕೆಟ್ಟಿರಲಿಲ್ಲ. ಹೇಳಿದ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಆದರೆ ಅದಕ್ಕೆ ಬಿಸಿ ಎಂದರೇನು ಎಂದು ಗೊತ್ತಿರಲಿಲ್ಲ. ಚಳಿಗಾಲದಲ್ಲಿ ಇಳಿಸಿದ ಗುಂಡಿಯನ್ನು ಬೇಸಿಗೆಯಲ್ಲಿ ಏರಿಸಲು ಮನುಷ್ಯನೇ ನೆನಪಿಟ್ಟುಕೊಳ್ಳಬೇಕು, ಮದುವೆ ಸೀಸನ್ನಿನಲ್ಲಿ ಅದು ಯಾರಿಗೆ ನೆನಪಿರುತ್ತದೆ? ಅಂದಿನಿಂದ ನಾನು ಯಾರ ಯಂತ್ರಕ್ಕೂ ತಾಪಮಾನ ನೋಡದ ಕಂಟ್ರೋಲರ್ ಹಾಕಿಲ್ಲ. ಫ್ಯಾನಿನ ವೇಗವನ್ನು ಒಳಗಿನ ಬಿಸಿಯೇ ತೀರ್ಮಾನಿಸಬೇಕು. ಮದರ್‌ಬೋರ್ಡು ಆ ಕೆಲಸವನ್ನು ನೀವು ನಿದ್ದೆ ಮಾಡುವಾಗಲೂ ಮಾಡುತ್ತದೆ. ಇನ್ನೊಂದು ಸಣ್ಣ ವಿಷಯ: ಆರು ಗುಂಡಿಯ ಪೆಟ್ಟಿಗೆ ಕೂರುವುದು ಹಿಂದೆ ಡಿವಿಡಿ ಡ್ರೈವ್ ಕೂರುತ್ತಿದ್ದ ಐದೂಕಾಲು ಇಂಚಿನ ಜಾಗದಲ್ಲಿ. ಮುಂದೆ ಮೂರು ಫ್ಯಾನಿರುವ ನಿಮ್ಮ ಕ್ಯಾಬಿನೆಟ್‌ನಲ್ಲಿ ಆ ಜಾಗವೇ ಇರಲಿಕ್ಕಿಲ್ಲ.

ಬಯೋಸ್‌ನಲ್ಲಿ ಫ್ಯಾನಿನ ಪುಟ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಏಸಸ್‌ನಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್, ಎಎಸ್‌ರಾಕ್‌ನಲ್ಲಿ ಫ್ಯಾನ್-ಟ್ಯಾಸ್ಟಿಕ್ ಟ್ಯೂನಿಂಗ್. ಒಳಗೆ ಎಲ್ಲ ಒಂದೇ: ಅಡ್ಡಕ್ಕೆ ತಾಪಮಾನ, ಉದ್ದಕ್ಕೆ ವೇಗ, ನಡುವೆ ಎಳೆದು ಕೂರಿಸಬಹುದಾದ ನಾಲ್ಕೈದು ಚುಕ್ಕಿ. ಇದನ್ನು ಫ್ಯಾನ್ ಕರ್ವ್ ಎನ್ನುತ್ತಾರೆ.

ಇಲ್ಲಿ ರಾಯಚೂರಿನವರು ಒಂದು ಮಾತು ಗಮನಿಸಬೇಕು. ಇಂಟರ್ನೆಟ್‌ನಲ್ಲಿ ಸಿಗುವ ಕರ್ವ್‌ಗಳು ಬಹುಪಾಲು ಚಳಿ ದೇಶದವರು, 20-22 ಡಿಗ್ರಿ ಕೋಣೆಯಲ್ಲಿ ಕೂತು ಮಾಡಿದವು. 40 ಡಿಗ್ರಿಯವರೆಗೆ ಕನಿಷ್ಠ ವೇಗ, ಅಲ್ಲಿಂದ ಏರಿಕೆ ಎಂದು ಬರೆದಿರುತ್ತಾರೆ. ಏಪ್ರಿಲ್ ಮೇನಲ್ಲಿ ನಿಮ್ಮ ಕೋಣೆಯೇ ಮಧ್ಯಾಹ್ನ 38 ಮುಟ್ಟುತ್ತದೆ. ಸಿಪಿಯು ಮೇಲಿನ ಕೂಲರ್ ಎಷ್ಟೇ ಒಳ್ಳೆಯದಿರಲಿ, ಸಿಪಿಯು ಕೋಣೆಗಿಂತ ತಣ್ಣಗಾಗಲು ಸಾಧ್ಯವಿಲ್ಲ. ಸುಮ್ಮನೆ ಡೆಸ್ಕ್‌ಟಾಪ್ ತೆರೆದಿಟ್ಟಾಗಲೂ 48-50 ತೋರಿಸುತ್ತದೆ, ಆ ಕರ್ವ್ ಹಾಕಿದರೆ ಫ್ಯಾನು ದಿನವಿಡೀ ಏರುತ್ತ ಇಳಿಯುತ್ತ ಇರುತ್ತದೆ. ಒಂದೇ ಸಮ ಇರುವ ಸದ್ದಿಗಿಂತ ಈ ಏರಿಳಿತ ಕಿವಿಗೂ ಮೈಕಿಗೂ ಹೆಚ್ಚು ಕಾಟ.

ನಿಮ್ಮ ಕ್ಯಾಬಿನೆಟ್ ಫ್ಯಾನಿಗೆ ನಾನು ಹಾಕುವ ಕರ್ವ್ ಹೀಗಿರುತ್ತದೆ. 58 ಡಿಗ್ರಿಯವರೆಗೆ ಒಂದೇ ಸಮ 40 ಶೇಕಡ. 70ಕ್ಕೆ 60, 78ಕ್ಕೆ 80, 85ಕ್ಕೆ ಪೂರ್ತಿ. ಐ5-12400 ತನ್ನನ್ನು ತಾನೇ ನಿಧಾನಿಸಿಕೊಳ್ಳುವುದು 100 ಡಿಗ್ರಿಯಲ್ಲಿ, ಹಾಗಾಗಿ 85ಕ್ಕೆ ಪೂರ್ತಿ ವೇಗ ಬಂದರೆ ಸಾಕಷ್ಟು ಅಂತರವಿರುತ್ತದೆ. ಅದರ ಮೂಲ ವಿದ್ಯುತ್ 65 ವಾಟ್ ಎಂದು ಪೆಟ್ಟಿಗೆಯ ಮೇಲಿದ್ದರೂ ಜೋರಾಗಿ ದುಡಿಯುವಾಗ 117 ವಾಟ್‌ವರೆಗೆ ಹೋಗುತ್ತದೆ, ವಿಡಿಯೋ ಎಕ್ಸ್‌ಪೋರ್ಟ್ ಮಾಡುವಾಗ ನೀವು ನೋಡುವುದು ಆ ಬಿಸಿಯನ್ನು. ಅದೇ ಪುಟದಲ್ಲಿ ಫ್ಯಾನು ಏರಲು ಇಳಿಯಲು ತೆಗೆದುಕೊಳ್ಳಬೇಕಾದ ಸಮಯ ಅಂತ ಒಂದು ಆಯ್ಕೆ ಇದ್ದರೆ ನಾಲ್ಕೈದು ಸೆಕೆಂಡು ಇಡಿ. ಬ್ರೌಸರ್ ತೆರೆದಾಗಲೆಲ್ಲ ಸಿಪಿಯು ಅರೆಕ್ಷಣ ಹತ್ತು ಡಿಗ್ರಿ ಜಿಗಿದು ಇಳಿಯುತ್ತದೆ. ಫ್ಯಾನು ಅದರ ಹಿಂದೆ ಓಡಬೇಕಿಲ್ಲ.

ಕನಿಷ್ಠ 40 ಶೇಕಡ ಎಂಬುದು ಅಂದಾಜು, ನಿಮ್ಮ ಫ್ಯಾನಿಗೆ ನೀವೇ ಪರೀಕ್ಷೆ ಮಾಡಬೇಕು. ಡಿಸಿ ಮೋಡ್‌ನಲ್ಲಿ ವೇಗ ಇಳಿಸುತ್ತ ಹೋಗಿ, ಫ್ಯಾನು ಒಂದು ಕಡೆ ನಿಲ್ಲುತ್ತದೆ. ಆಮೇಲೆ ನಿಧಾನಕ್ಕೆ ಏರಿಸಿ, ಮತ್ತೆ ಯಾವಾಗ ತಿರುಗಲು ಶುರು ಮಾಡುತ್ತದೆ ನೋಡಿ. ಶುರುವಾಗುವ ಅಂಕಿ ನಿಲ್ಲುವ ಅಂಕಿಗಿಂತ ಮೇಲಿರುತ್ತದೆ, ಯಾಕೆಂದರೆ ನಿಂತ ಫ್ಯಾನನ್ನು ಎಬ್ಬಿಸಲು ಹೆಚ್ಚು ಬಲ ಬೇಕು. ಆ ಶುರುವಾಗುವ ಅಂಕಿಗಿಂತ ಹತ್ತು ಶೇಕಡ ಮೇಲೆ ಕನಿಷ್ಠವನ್ನಿಡಿ. ಧೂಳು ಕೂತು ಬೇರಿಂಗ್ ಹಳತಾದಂತೆ ಆ ಅಂಕಿ ಮೇಲೇರುತ್ತದೆ. ಸ್ಟುಡಿಯೋದ ಫ್ಯಾನು ನಡುಗುತ್ತ ನಿಂತದ್ದು ಇದರಿಂದಲೇ.

ವೇಗ ಇಳಿಸಿದರೆ ಗಾಳಿ ಕಡಿಮೆಯಾಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ, ಆದರೆ ಸದ್ದು ಅದಕ್ಕಿಂತ ಎಷ್ಟೋ ಬೇಗ ಇಳಿಯುತ್ತದೆ. ಗಾಳಿ ವೇಗದ ಪ್ರಮಾಣದಲ್ಲೇ ಕಡಿಮೆಯಾಗುತ್ತದೆ: 1200 ಸುತ್ತನ್ನು 800ಕ್ಕೆ ತಂದರೆ ಮೂರರಲ್ಲಿ ಒಂದು ಪಾಲು ಗಾಳಿ ಹೋಗುತ್ತದೆ. ಸದ್ದು ಮಾತ್ರ ಹೆಚ್ಚುಕಡಿಮೆ 9 ಡೆಸಿಬಲ್ ಇಳಿಯುತ್ತದೆ. ವೇಗ ಅರ್ಧವಾದರೆ 15 ಡೆಸಿಬಲ್. ಎರಡು ಒಂದೇ ಥರದ ಫ್ಯಾನು ಸೇರಿದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ಅಂದರೆ ಒಂದು ಫ್ಯಾನನ್ನು ಜೋರಾಗಿ ಓಡಿಸುವ ಬದಲು ಎರಡನ್ನು ಅರ್ಧ ವೇಗದಲ್ಲಿ ಓಡಿಸಿದರೆ ಗಾಳಿ ಸುಮಾರು ಅಷ್ಟೇ, ಸದ್ದು 12 ಡೆಸಿಬಲ್ ಕಡಿಮೆ. ಐದು ಫ್ಯಾನಿರುವುದು ನಿಮಗೆ ಅನುಕೂಲವೇ, ಯಾವುದನ್ನೂ ಕಳಚಬೇಡಿ. ವೇಗ ಏರಿಸುತ್ತ ಹೋಗುವಾಗ ಒಂದು ನಿರ್ದಿಷ್ಟ ಸುತ್ತಿನಲ್ಲಿ ಕ್ಯಾಬಿನೆಟ್ಟಿನ ತಗಡು ಇದ್ದಕ್ಕಿದ್ದಂತೆ ಝೇಂಕರಿಸಿದರೆ, ಅಂಗೈಯನ್ನು ಪಕ್ಕದ ಬಾಗಿಲಿಗೆ ಒತ್ತಿ. ಸದ್ದು ನಿಂತಿತೆಂದರೆ ಅದು ಫ್ಯಾನಿನದಲ್ಲ, ತಗಡಿನದು. ಕರ್ವ್‌ನಲ್ಲಿ ಆ ಸುತ್ತಿನ ಹತ್ತಿರ ನಿಲ್ಲದಂತೆ ಚುಕ್ಕಿಗಳನ್ನು ಸರಿಸಿ, ಸ್ಕ್ರೂ ಬದಲು ರಬ್ಬರ್ ಪಿನ್ ಹಾಕಿ.

ಬಯೋಸ್‌ಗೆ ಒಂದು ಮಿತಿಯಿದೆ. ಗ್ರಾಫಿಕ್ಸ್ ಕಾರ್ಡಿನ ಬಿಸಿ ಸಾಮಾನ್ಯವಾಗಿ ಅದಕ್ಕೆ ಕಾಣುವುದಿಲ್ಲ. ಎಡಿಟಿಂಗ್ ಮಾಡುವಾಗ ಕಾರ್ಡು ಬಿಸಿಯಾಗಿ ಸಿಪಿಯು ತಣ್ಣಗಿದ್ದರೆ ಕ್ಯಾಬಿನೆಟ್ ಫ್ಯಾನುಗಳು ನಿಧಾನವಾಗಿಯೇ ಇರುತ್ತವೆ. ವಿಂಡೋಸ್‌ನಲ್ಲಿ ಫ್ಯಾನ್‌ಕಂಟ್ರೋಲ್ ಎಂಬ ಉಚಿತ ತಂತ್ರಾಂಶ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸಿಪಿಯು ಕರ್ವ್ ಒಂದು, ಕಾರ್ಡಿನ ಕರ್ವ್ ಒಂದು ಬರೆದು, ಎರಡರಲ್ಲಿ ಯಾವುದು ಹೆಚ್ಚು ಕೇಳುತ್ತದೋ ಅದನ್ನು ಕೊಡು ಎಂದು ಹೇಳಬಹುದು. ರೆಕಾರ್ಡಿಂಗ್‌ಗೆ ಒಂದು, ಎಡಿಟಿಂಗ್‌ಗೆ ಒಂದು ಹೀಗೆ ಬೇರೆ ಬೇರೆ ಸೆಟ್ಟಿಂಗ್ ಉಳಿಸಿಕೊಳ್ಳಲೂ ಬಹುದು. ಹಳೆಯ ಸ್ಪೀಡ್‌ಫ್ಯಾನ್ ಈಗಿನ ಬೋರ್ಡುಗಳಿಗೆ ಹೊಂದುವುದಿಲ್ಲ, ಅದರ ಹಿಂದೆ ಹೋಗಬೇಡಿ. ಲಿನಕ್ಸ್ ಬಳಸುವವರಿಗೆ ಎಲ್ಎಂ-ಸೆನ್ಸರ್ಸ್ ಮತ್ತು ಪಿಡಬ್ಲ್ಯೂಎಂಕಾನ್ಫಿಗ್ ಇವೆ. ಯಾವುದನ್ನು ಬಳಸಿದರೂ ಬಯೋಸ್‌ನ ಕರ್ವನ್ನು ಮೊದಲು ಸರಿಯಾಗಿ ಬರೆದಿಡಿ. ತಂತ್ರಾಂಶ ಎಂದಾದರೂ ಶುರುವಾಗದಿದ್ದರೆ ಕೈಹಿಡಿಯುವುದು ಅದೇ.

ಹಾಗಾದರೆ ಬೇರೆ ಕಂಟ್ರೋಲರ್ ಯಾರಿಗೆ ಬೇಕು? ಹೆಡರ್ ಒಂದೇ ಇದ್ದು ಫ್ಯಾನು ಆರೇಳಿದ್ದರೆ, ಆಂಪ್ ಲೆಕ್ಕ ಮೀರಿದರೆ ಪವರ್ಡ್ ಪಿಡಬ್ಲ್ಯೂಎಂ ಹಬ್ ಸಾಕು. ಅದು ವಿದ್ಯುತ್ತನ್ನು ಎಸ್‌ಎಂಪಿಎಸ್‌ನ ಸಾಟಾ ವೈರಿನಿಂದ (ಡಿಸ್ಕಿಗೆ ವಿದ್ಯುತ್ ಕೊಡುವ ವೈರು) ತೆಗೆದುಕೊಳ್ಳುತ್ತದೆ, ಅಪ್ಪಣೆಯನ್ನು ಮಾತ್ರ ಬೋರ್ಡಿನಿಂದ. ಸಾಟಾ ಪ್ಲಗ್ 12 ವೋಲ್ಟಿನಲ್ಲಿ 4.5 ಆಂಪ್ ಕೊಡಬಲ್ಲದು, ಹತ್ತು ಫ್ಯಾನಿಗೂ ಸಾಕಾಗುತ್ತದೆ. ಆದರೆ ಇಂಥ ಹಬ್‌ಗಳಲ್ಲಿ ಹೆಚ್ಚಿನವು ನಾಲ್ಕು ಪಿನ್ನಿನ ಫ್ಯಾನುಗಳಿಗೆ ಮಾತ್ರ ಅಪ್ಪಣೆ ಮುಟ್ಟಿಸುತ್ತವೆ. ನಿಮ್ಮ ಮೂರು ಪಿನ್ನಿನವನ್ನು ಅದಕ್ಕೆ ಸಿಕ್ಕಿಸಿದರೆ ಈಗಿನಂತೆಯೇ ಪೂರ್ತಿ ವೇಗ. ಈ ಒಂದು ವಿಷಯ ತಿಳಿಯದೆ ಹಬ್ ಕೊಂಡು, ಕೆಟ್ಟಿದೆ ಎಂದು ವಾಪಸ್ ಕಳಿಸಿದ ಎಷ್ಟೋ ಜನರನ್ನು ನೋಡಿದ್ದೇನೆ. ಸಾಟಾ ಪ್ಲಗ್ ಮಿಕ್ಕಿಲ್ಲವೆಂದು ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಗ್ಗದ ಅಚ್ಚಿನ ಪ್ಲಗ್ ಹಾಕಬೇಡಿ. ಅದರೊಳಗೆ ವೈರುಗಳು ಒಂದಕ್ಕೊಂದು ತಗುಲಿ ಪ್ಲಾಸ್ಟಿಕ್ ಕರಗಿದ ಉದಾಹರಣೆಗಳಿವೆ.

ನೀರಿನ ಕೂಲಿಂಗ್ ಮಾಡಿಕೊಂಡವರಿಗೆ ಯುಎಸ್‌ಬಿಯಿಂದ ಬೋರ್ಡಿಗೆ ಸೇರುವ ಜಾಣ ಕಂಟ್ರೋಲರ್‌ಗಳು ಬೇಕಾಗುತ್ತವೆ, ಯಾಕೆಂದರೆ ಅಲ್ಲಿ ವೇಗವನ್ನು ನೀರಿನ ತಾಪಮಾನ ನೋಡಿ ತೀರ್ಮಾನಿಸುವುದು ಒಳ್ಳೆಯದು. ಇವುಗಳಲ್ಲಿ ನಾನು ನೋಡುವುದು ಮುಖ್ಯವಾಗಿ ಒಂದನ್ನೇ: ಕರ್ವ್ ಕಂಟ್ರೋಲರ್ ಒಳಗೇ ಉಳಿಯುತ್ತದೆಯೇ, ಅಥವಾ ವಿಂಡೋಸ್‌ನಲ್ಲಿ ಅದರ ತಂತ್ರಾಂಶ ಸದಾ ಓಡುತ್ತಿರಬೇಕೇ? ಜರ್ಮನಿಯ ಆಕ್ವಾ ಕಂಪ್ಯೂಟರ್‌ನ ಕ್ವಾಡ್ರೋ ಮೊದಲನೆಯ ಬಗೆಯದು, ನಾಲ್ಕು ಚಾನೆಲ್, ನಾಲ್ಕು ತಾಪಮಾನ ಸೆನ್ಸರ್. ಒಮ್ಮೆ ಬರೆದಿಟ್ಟರೆ ಕಂಪ್ಯೂಟರಿನ ಸಹಾಯವಿಲ್ಲದೆ ನಡೆಸುತ್ತದೆ. ಬೆಲೆ ಹೆಚ್ಚು. ನಿಮಗೆ ಅದರ ಅಗತ್ಯವಿಲ್ಲ.

ಯಾವ ಕಂಟ್ರೋಲರ್ ಕೊಂಡರೂ ಸಿಪಿಯು ಕೂಲರಿನ ಫ್ಯಾನನ್ನು ಬೋರ್ಡಿನ ಸಿಪಿಯು ಹೆಡರ್‌ನಿಂದ ಕೀಳಬೇಡಿ. ಅಲ್ಲಿ ಸುತ್ತಿನ ಲೆಕ್ಕ ಬಾರದಿದ್ದರೆ ಎಷ್ಟೋ ಬೋರ್ಡುಗಳು ಫ್ಯಾನ್ ಎರರ್ ತೋರಿಸಿ ಮುಂದೆ ಹೋಗುವುದೇ ಇಲ್ಲ, ಅದು ನಿಮ್ಮ ರಕ್ಷಣೆಗೇ ಇರುವುದು. ಫ್ಯಾನಿನ ಒಂದು ವೈರನ್ನು 12 ವೋಲ್ಟಿಗೂ ಇನ್ನೊಂದನ್ನು 5 ವೋಲ್ಟಿಗೂ ಕೊಟ್ಟು 7 ವೋಲ್ಟ್ ಮಾಡಿಕೊಳ್ಳುವ ಹಳೆಯ ಉಪಾಯವನ್ನು ಯಾರಾದರೂ ಹೇಳಿದರೆ ಮಾಡಬೇಡಿ. ಕರೆಂಟು 5 ವೋಲ್ಟಿನ ಸಾಲಿಗೆ ಹಿಂದಿನಿಂದ ನುಗ್ಗುತ್ತದೆ, ಫ್ಯಾನು ಶಾರ್ಟ್ ಆದರೆ ಆ ಸಾಲಿನಲ್ಲಿರುವ ಡಿಸ್ಕುಗಳಿಗೆ ಅಪಾಯ.

ವೈರು ಬದಲಿಸುವ ದಿನ ಯುಪಿಎಸ್ ಆಫ್ ಮಾಡಿ, ಪ್ಲಗ್ ಕಿತ್ತು, ಮುಂದಿನ ಜಾಲರಿಯನ್ನೂ ತೊಳೆದುಬಿಡಿ. ನಿಮ್ಮ ಕಡೆಯ ಎರೆಮಣ್ಣಿನ ಧೂಳು ಹಿಟ್ಟಿನಂತೆ ನುಣುಪು, ಜಾಲರಿಯನ್ನು ಬೇಗ ಕಟ್ಟಿಸುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಬಿಟ್ಟರೆ ಅದು ಅತಿ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ, ಜನರೇಟರಿನಂತೆ ಹಿಂದಕ್ಕೆ ವಿದ್ಯುತ್ತನ್ನೂ ತಳ್ಳುತ್ತದೆ.

ಎಲ್ಲ ಜೋಡಿಸಿ ಕರ್ವ್ ಬರೆದ ಮೇಲೆ ಹತ್ತು ನಿಮಿಷದ ಒಂದು ಪಾಠವನ್ನು ಎಕ್ಸ್‌ಪೋರ್ಟ್ ಮಾಡಿ. ಅದು ಮುಗಿಯುವ ಹೊತ್ತಿಗೆ ಕೋಣೆಯ ತಾಪಮಾನ ಎಷ್ಟು, ಸಿಪಿಯು ಎಷ್ಟು, ಕಾರ್ಡು ಎಷ್ಟು ಎಂದು ಮೂರು ಅಂಕಿ ಬರೆದು, ಆ ಚೀಟಿಯನ್ನು ಕ್ಯಾಬಿನೆಟ್ ಬಾಗಿಲಿನ ಒಳಗೆ ಅಂಟಿಸಿಡಿ. ಕೋಣೆ 30 ಇದ್ದು ಸಿಪಿಯು 72 ಬಂದರೆ ವ್ಯತ್ಯಾಸ 42. ಬೇಸಿಗೆಯಲ್ಲಿ ಕೋಣೆ 38 ಆದಾಗ ಸಿಪಿಯು 80 ಬಂದರೆ ಗಾಬರಿ ಬೇಡ, ವ್ಯತ್ಯಾಸ ಅಷ್ಟೇ ಇದೆ. ಅದೇ ಕೆಲಸಕ್ಕೆ ಆ ವ್ಯತ್ಯಾಸ 50 ದಾಟಿದ ದಿನ ಮಾತ್ರ ಬಾಗಿಲು ತೆಗೆಯಿರಿ. ಮೊದಲು ಜಾಲರಿ, ಆಮೇಲೆ ನಿಂತ ಫ್ಯಾನು, ಕೊನೆಗೆ ಸಿಪಿಯು ಮೇಲಿನ, ಕೂಲರಿಗೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್, ಈ ಕ್ರಮದಲ್ಲಿ ನೋಡಿ.